ನಾಯಿಗೆ ನೀಲಿ, ನಲ್ಲಿಗೆ ಸೈಕಲ್ ಟ್ಯೂಬು

ಒಂದು ಲೀಟರಿನ ಖಾಲಿ ಬಾಟಲಿ, ಅದರ ತುಂಬ ನೀರು, ಬಟ್ಟೆಗೆ ಹಾಕುವ ನೀಲಿ ನಾಲ್ಕು ಹನಿ, ಕುತ್ತಿಗೆಗೊಂದು ಸೆಣಬಿನ ದಾರ. ಗೇಟಿಗೆ ಕಟ್ಟಿದರೆ ಬೀದಿನಾಯಿ ಆ ಮನೆ ಮುಂದೆ ಕಾಲೆತ್ತುವುದಿಲ್ಲವಂತೆ. ಇಷ್ಟೇ ತಂತ್ರಜ್ಞಾನ. ಇದಕ್ಕೆ ಯಾವ ಸುತ್ತೋಲೆಯೂ ಬರಲಿಲ್ಲ, ಗ್ರಾಮಸಭೆಯಲ್ಲಿ ಠರಾವಾಗಲಿಲ್ಲ, ಸಬ್ಸಿಡಿ ಯಾರೂ ಕೇಳಲಿಲ್ಲ. ಆದರೂ ಬಡಾವಣೆಗೆ ಬಡಾವಣೆಯೇ ನೀಲಿ ಬಾಟಲಿ ತೂಗುಹಾಕಿತು. ಬೆಂಗಳೂರಿನಲ್ಲಿ ಮಳೆನೀರು ಕೊಯ್ಲು ಕಡ್ಡಾಯವಾದದ್ದು 2009ರಲ್ಲಿ. ಕಾನೂನು ಬಂತು, ನೋಟಿಸು ಬಂತು, ಬಿಲ್ಲಿನಲ್ಲಿ ದಂಡವೂ ಬಂತು; ಪೈಪು ಹಾಕಿಸುವುದಕ್ಕಿಂತ ದಂಡ ಕಟ್ಟುವುದೇ ಸಲೀಸು ಎಂದವರು ಇದ್ದೇ ಇದ್ದಾರೆ. ನೀಲಿ ಬಾಟಲಿಗೆ ಮಾತ್ರ ಒಬ್ಬರಿಗೂ ನೋಟಿಸು ಕೊಡಬೇಕಾಗಲಿಲ್ಲ.

ನಾಯಿಯ ಅಭಿಪ್ರಾಯವನ್ನು ಯಾರೂ ಕೇಳಿದಂತಿಲ್ಲ. ಅದರ ಕಣ್ಣಿಗೆ ನೀಲಿ ಚೆನ್ನಾಗಿಯೇ ಕಾಣುತ್ತದೆ, ಹಳದಿಯೂ ಕಾಣುತ್ತದೆ. ತಿಳಿಯದಿರುವುದು ಕೆಂಪು ಹಸಿರಿನ ವ್ಯತ್ಯಾಸ. ನೀಲಿ ಕಂಡು ಓಡಿಹೋಗಬೇಕಾದ ನಾಯಿ ತಲೆಯೆತ್ತಿದರೆ ಆಕಾಶವೂ ನೀಲಿ, ಪಾಪ, ಎಲ್ಲಿಗೆಂದು ಓಡೀತು? ಬಾಟಲಿ ಸೋತ ಬೀದಿಗಳಲ್ಲಿ ಕುಂಕುಮ ಕದಡಿದ ಕೆಂಪು ನೀರು ಬಂತು. ಅದು ನಾಯಿಗೆ ಕೆಸರುಬಣ್ಣ. ಅಷ್ಟಕ್ಕೂ ನಾಯಿ ಜಾಗ ಗುರುತಿಸುವುದು ಮೂಗಿನಿಂದ. ದಾರಿಯಲ್ಲಿ ಹೊಸದೊಂದು ವಸ್ತು ನಿಂತಿದೆಯೆಂದರೆ ಮೂಸಿ ನೋಡಿ, ಸಹಿ ಹಾಕಿ ಹೋಗುವುದು ಅದರ ಕಚೇರಿ ಕ್ರಮ.

ನೀಲಿಯ ತಪ್ಪೇನೂ ಇದರಲ್ಲಿಲ್ಲ. ನೀರಿನ ಬಿಲ್ಲು ಇಳಿಸುವ ತಾಕತ್ತು ಅದಕ್ಕಿದೆ. ಅದನ್ನು ಗೇಟಿನಿಂದ ಬಿಚ್ಚಿ ಕಕ್ಕಸಿನ ಫ್ಲಶ್ ಟ್ಯಾಂಕಿಗೆ ಒಯ್ಯಬೇಕು, ಅಷ್ಟೇ. ಮುಚ್ಚಳ ಎತ್ತಿ ಹತ್ತು ಹನಿ ನೀಲಿ ಬಿಡಿ, ಅರ್ಧ ಗಂಟೆ ಯಾರೂ ಫ್ಲಶ್ ಮಾಡಬೇಡಿ. ಕೆಳಗೆ ಬೇಸಿನ್ನಿನಲ್ಲಿ ನೀಲಿ ಗೆರೆ ಇಳಿದಿದ್ದರೆ ಟ್ಯಾಂಕಿನ ತಳದ ರಬ್ಬರ್ ಸೀಲು ಸೋರುತ್ತಿರುವ ಸಾಧ್ಯತೆಯೇ ಹೆಚ್ಚು. ಸದ್ದಿಲ್ಲದೆ ಹಗಲಿರುಳು ಸೋರುವುದರಿಂದ ಕಣ್ಣಿಗೂ ಬೀಳದು, ಕಿವಿಗೂ ಬೀಳದು. ವಾಲ್ವನ್ನು ತಿರುಗಿಸಿ ಹೊರತೆಗೆದು, ಸೀಲಿನ ಮೇಲಿನ ಲೋಳೆ ಒರೆಸಿ ಮತ್ತೆ ಕೂರಿಸಿದರೆ ಎಷ್ಟೋ ಸಲ ಅಲ್ಲಿಗೇ ಮುಗಿಯುತ್ತದೆ. ರಬ್ಬರ್ ಗಟ್ಟಿಯಾಗಿದ್ದರೆ ಹೊಸ ಸೀಲು ಹಾಕಬೇಕು. ಬೇಸಿನ್ನಿಗೆ ನೀರು ಹರಿಯುತ್ತಿದೆ, ಆದರೆ ಸೀಲು ಸರಿಯಿದೆ ಎಂದಾದರೆ ತೇಲುಚೆಂಡು ಅತಿ ಎತ್ತರಕ್ಕೆ ಕೂತು, ಹೆಚ್ಚಾದ ನೀರು ಓವರ್‌ಫ್ಲೋ ಕೊಳವೆಯಲ್ಲಿ ಇಳಿಯುತ್ತಿದೆ. ಆ ಕೊಳವೆಯ ಬಾಯಿಗಿಂತ ಒಂದಿಂಚು ಕೆಳಗೇ ನೀರು ನಿಲ್ಲುವಂತೆ ಸ್ಕ್ರೂ ತಿರುಗಿಸಿ. ಖಾಲಿಯಾದ ಬಾಟಲಿಗೂ ಕೆಲಸ ಉಂಟು: 10 ಲೀಟರಿನ ಹಳೆ ಟ್ಯಾಂಕಾದರೆ ಬರೀ ನೀರು ತುಂಬಿ, ಮುಚ್ಚಳ ಬಿಗಿದು, ಚೆಂಡಿಗೆ ತಾಗದಂತೆ ಒಳಗೆ ನಿಲ್ಲಿಸಿದರೆ ಪ್ರತಿ ಫ್ಲಶ್ಶಿಗೂ ಒಂದು ಲೀಟರ್ ಉಳಿತಾಯ. ಇಟ್ಟಿಗೆ ಇಡಿ ಎನ್ನುವವರ ಮಾತು ಕೇಳಬೇಡಿ. ಇಟ್ಟಿಗೆ ನೆನೆದು ಉದುರಿ, ಅದರ ಮರಳು ಸೀಲಿನಡಿ ಕೂತು, ಉಳಿಸಲು ಹೊರಟ ನೀರೆಲ್ಲ ಅಲ್ಲಿಂದಲೇ ಹೋಗುತ್ತದೆ.

ಆದರೆ ಫ್ಲಶ್ ಟ್ಯಾಂಕಿನ ಮುಚ್ಚಳ ಎತ್ತುವ ವಿಡಿಯೋ ಯಾರು ನೋಡುತ್ತಾರೆ? ನೋಡಬೇಕೆಂದರೆ ಬುರುಗು ಬೇಕು. ‘ಸ್ನೇಹಿತರೇ, ಇದೊಂದನ್ನು ಸುರಿಯಿರಿ, ಪ್ಲಂಬರ್ ಅಂಗಡಿ ಮುಚ್ಚಿಕೊಂಡು ಊರಿಗೆ ಹೋಗಬೇಕು’ ಎಂಬ ಪೀಠಿಕೆಯೊಂದಿಗೆ ಅಡುಗೆ ಸೋಡಾದ ಮೇಲೆ ವಿನೆಗರ್ ಬೀಳುತ್ತದೆ. ಬುಸ್ ಎಂದು ನೊರೆ ಏಳುತ್ತದೆ. ಲೆಕ್ಕ ಹೀಗಿದೆ: ಒಂದು ಚಮಚ, ಅಂದರೆ 5 ಗ್ರಾಂ ಸೋಡಾ, ಶೇ. 4ರ ವಿನೆಗರ್ ಸುಮಾರು 90 ಮಿಲಿಲೀಟರ್ ಸೇರಿದರೆ ಒಂದನ್ನೊಂದು ಪೂರ್ತಿ ತಿಂದುಹಾಕುತ್ತವೆ. ಸುಮಾರು ಒಂದೂವರೆ ಲೀಟರ್ ಇಂಗಾಲದ ಡೈಆಕ್ಸೈಡ್ ಗಾಳಿಗೆ ಹೋಗುತ್ತದೆ. ಉಳಿಯುವುದು ಸೋಡಿಯಂ ಅಸಿಟೇಟ್ ಎಂಬ ಉಪ್ಪು ಕರಗಿದ ನೀರು, ಅದಕ್ಕೆ ಜಿಡ್ಡೂ ಅಂಜದು, ಕೂದಲೂ ಅಂಜದು. ಸೋಡಾ ಒಂದೇ ಇದ್ದಾಗ ಜಿಡ್ಡು ಉಜ್ಜುತ್ತದೆ, ವಿನೆಗರ್ ಒಂದೇ ಇದ್ದಾಗ ಸುಣ್ಣದ ಕಲೆ ಕರಗಿಸುತ್ತದೆ. ಬೇರೆ ಬೇರೆ ಇದ್ದಾಗ ದುಡಿಯುವ ಇಬ್ಬರನ್ನೂ ಒಂದೇ ಸಮಿತಿಗೆ ಹಾಕಿ ಸಭೆ ಕರೆದಂತೆ: ಸದ್ದು ಜೋರು, ನಿರ್ಣಯ ನೀರು.

ಕೈತೊಳೆಯುವ ಬೇಸಿನ್ ಕಟ್ಟಿಕೊಂಡಿದ್ದರೆ ಕೆಳಗೆ ನೇತಾಡುವ ಬಾಟಲ್ ಟ್ರ್ಯಾಪಿನಡಿ ಬಕೆಟ್ ಇಡಿ. ಟ್ರ್ಯಾಪಿನ ತಳದ ಬಟ್ಟಲನ್ನು ಕೈಯಲ್ಲೇ ತಿರುಗಿಸಿ ಬಿಚ್ಚಿ. ಕೂದಲಿನ ಜಡೆ, ಪೇಸ್ಟಿನ ಹೆಪ್ಪು, ಒಮ್ಮೊಮ್ಮೆ ಕಳೆದುಹೋಯಿತೆಂದು ಮನೆಕೆಲಸದಾಕೆಯ ಮೇಲೆ ಗುಮಾನಿ ಪಟ್ಟ ಮೂಗುಬಟ್ಟು, ಎಲ್ಲ ಅಲ್ಲೇ ಇರುತ್ತವೆ. ತೊಳೆದು, ವಾಷರ್ ಓರೆಯಾಗದಂತೆ ಕೂರಿಸಿ, ಕೈಬಿಗಿಯಷ್ಟೇ ಬಿಗಿಯಿರಿ. ಸ್ಪ್ಯಾನರ್ ಹಾಕಿದರೆ ಪ್ಲಾಸ್ಟಿಕ್ಕಿನ ಮರೆ, ಅಂದರೆ ತಿರುಪಿನ ಸುತ್ತುಗೆರೆ, ಸೀಳುತ್ತದೆ. ಒಂದು ಚೊಂಬು ನೀರು ಬಿಟ್ಟು ಅಡಿಯಲ್ಲಿ ಒಣ ಪೇಪರ್ ಹಿಡಿದರೆ ಸೋರಿಕೆ ಇದ್ದರೆ ತಿಳಿಯುತ್ತದೆ. ಒಳಗೆ ನಿಂತ ನೀರನ್ನು ಕೊಳಕೆಂದು ಖಾಲಿ ಬಿಡಬೇಡಿ, ಚರಂಡಿಯ ವಾಸನೆಯನ್ನೂ ಜಿರಲೆಯನ್ನೂ ತಡೆಯುವುದು ಅದೇ. ಅಡುಗೆಮನೆ ಸಿಂಕಿನ ಎಣ್ಣೆಜಿಡ್ಡಿಗೆ ಬಿಸಿನೀರು, ಸೋಪಿನ ಪುಡಿ ಸಾಕು. ಕುದಿಯುವ ನೀರು ಬೇಡ, ಪಿವಿಸಿ ಪೈಪು ಮೆತ್ತಗಾಗಿ ಜೋಡಣೆ ಬಿಡುತ್ತದೆ. ಆಸಿಡ್ ಸುರಿದ ಮೇಲೆ ಇನ್ನಷ್ಟು ಬೆಳ್ಳಗಾಗಲಿ ಎಂದು ಬ್ಲೀಚಿಂಗ್ ಪೌಡರ್ ಉದುರಿಸುವ ಸಾಹಸವಂತೂ ಬೇಡವೇ ಬೇಡ. ಏಳುವುದು ಕ್ಲೋರಿನ್ ಅನಿಲ, ಕಿಟಕಿಯಿಲ್ಲದ ಬಚ್ಚಲಲ್ಲಿ ಅದು ಪ್ರಾಣಕ್ಕೇ ಕುತ್ತು.

ಬೋರ್‌ವೆಲ್ ನೀರಿನ ಬಿಳಿ ಕಲೆಗೆ ಕಿರಾಣಿ ಅಂಗಡಿಯ ನಿಂಬೆ ಉಪ್ಪು ಎರಡು ಚಮಚ, ಅರ್ಧ ಲೀಟರ್ ಬಿಸಿನೀರು, ಅರ್ಧ ಗಂಟೆ. ಬಕೆಟ್, ಮಗ್ಗು, ಶವರಿನ ತೂತು ಎಲ್ಲ ಬಿಡಿಸಿಕೊಳ್ಳುತ್ತವೆ. ಕಡಪ ಕಲ್ಲಿನ ಮೇಲೆ, ಮಾರ್ಬಲ್ಲಿನ ಮೇಲೆ ಚೆಲ್ಲಬೇಡಿ. ಅವೂ ಸುಣ್ಣದ ಕಲ್ಲುಗಳೇ. ನಿಂಬೆ ಉಪ್ಪಿಗೆ ಕಲೆ ಯಾವುದು ಕಟ್ಟೆ ಯಾವುದು ಎಂಬ ಭೇದವಿಲ್ಲ.

ಕರೆಂಟಿನ ವಿಷಯಕ್ಕೆ ಬಂದರೆ ಗೋಡೆಯ ಪ್ಲಗ್ಗಿನಲ್ಲಿ ಒಂದು ಪುಟ್ಟ ಪೆಟ್ಟಿಗೆ ಹಸಿರು ದೀಪ ಉರಿಸಿಕೊಂಡು ಕೂತಿದೆ. ಚುಚ್ಚಿದರೆ ಬಿಲ್ಲು ಅರ್ಧಕ್ಕರ್ಧ ಇಳಿಯುತ್ತದಂತೆ. ಒಳಗಿರುವುದು ಒಂದು ಕೆಪಾಸಿಟರ್, ಒಂದೆರಡು ರೆಸಿಸ್ಟರ್, ಆ ಎಲ್‌ಇಡಿ. ಕೆಪಾಸಿಟರ್ ಪವರ್ ಫ್ಯಾಕ್ಟರ್ ಅನ್ನು, ಅಂದರೆ ತಂತಿಯಲ್ಲಿ ಹರಿದ ಕರೆಂಟಿನಲ್ಲಿ ನಿಜವಾಗಿ ದುಡಿಯುವ ಪಾಲನ್ನು, ತಿದ್ದೀತು, ಸುಳ್ಳಲ್ಲ. ಆದರೆ ಮನೆಯ ಮೀಟರು ಎಣಿಸುವುದು ಯೂನಿಟ್, ಅಂದರೆ ಕಿಲೋವ್ಯಾಟ್ ಅವರ್. ಪವರ್ ಫ್ಯಾಕ್ಟರ್ ತಿದ್ದಿದರೂ ಆ ಎಣಿಕೆ ಇಳಿಯುವುದಿಲ್ಲ. ಬಿಲ್ಲು ಏರಿಸುವ ಗೀಜರಿನಲ್ಲಂತೂ ತಿದ್ದುವುದಕ್ಕೇ ಏನಿಲ್ಲ. 15 ಲೀಟರ್ ನೀರು 25 ಡಿಗ್ರಿಯಿಂದ 60ಕ್ಕೆ ಏರಲು 0.6 ಯೂನಿಟ್ ಬೇಕೇ ಬೇಕು, ಪೆಟ್ಟಿಗೆಯ ಮಾತಿಗೆ ನೀರು ಬೆಚ್ಚಗಾಗದು. ಉಳಿಸಬೇಕೆಂದರೆ ಸ್ನಾನಕ್ಕೆ ಇಪ್ಪತ್ತು ನಿಮಿಷ ಮುಂಚೆ ಹಾಕಿ, ಕಾದ ಮೇಲೆ ಆರಿಸಿ. ಹಸಿರು ದೀಪ ಮಾತ್ರ ತನ್ನ ಪಾಲಿನ ಕರೆಂಟನ್ನು ದಿನದ 24 ಗಂಟೆಯೂ ತಪ್ಪದೆ ಕುಡಿಯುತ್ತದೆ. ತಮಾಷೆಯೆಂದರೆ 2023ರ ಜುಲೈಯಿಂದ ಗೃಹಜ್ಯೋತಿಯಲ್ಲಿ ಸೊನ್ನೆ ಬಿಲ್ಲು ಬರುತ್ತಿರುವ ಮನೆಗೂ ಈ ಪೆಟ್ಟಿಗೆ ಹೊಂದುತ್ತದೆ. ಸೊನ್ನೆಯಲ್ಲಿ ಅರ್ಧವನ್ನು ಸರ್ಕಾರವೇ ಮನೆಗೆ ತಂದುಕೊಡಬೇಕೇನೋ. ಮೀಟರಿಗೆ ಅಯಸ್ಕಾಂತ ಅಂಟಿಸಿ ಎನ್ನುವ ಮಹಾನುಭಾವರದು ಇನ್ನೊಂದು ದರ್ಜೆ. ಅದು 2003ರ ವಿದ್ಯುತ್ ಕಾಯ್ದೆಯ 135ನೇ ಕಲಮಿನ ಕಳವು, ಸಲಹೆ ಕೊಟ್ಟವರು ಜಾಮೀನಿಗೆ ಬರುವುದಿಲ್ಲ.

ಕೆಪಾಸಿಟರನ್ನೂ ಬೈಯಬಾರದು. ನೀಲಿಯ ಹಾಗೆ ಅದೂ ಜಾಗ ತಪ್ಪಿ ಕೂತಿದೆ, ಅದರ ಜಾಗ ತಲೆಯ ಮೇಲಿದೆ. ಫ್ಯಾನು ಹಾಕಿದರೆ ಬರೀ ಗುಂಯ್ ಎನ್ನುತ್ತದೆ, ಕೋಲಿನಿಂದ ತಳ್ಳಿದರೆ ಸುತ್ತುತ್ತದೆ, ಐದರಲ್ಲಿಟ್ಟರೂ ಎರಡರ ಗಾಳಿ: ಕೆಪಾಸಿಟರ್ ಸತ್ತಿದೆ ಅಥವಾ ಸೊರಗಿದೆ. ಮೈಮೇಲೆ 2.5 ಎಂಎಫ್‌ಡಿ ಎಂದಿದ್ದರೆ ಅಷ್ಟರದ್ದನ್ನೇ ತನ್ನಿ, ಪೆಟ್ಟಿಗೆಯ ಬೆಲೆಯ ಮುಂದೆ ಇದರದ್ದು ಚಿಲ್ಲರೆ. ಸ್ಪೀಡು ಜಾಸ್ತಿಯಾಗಲೆಂದು ದೊಡ್ಡದು ಹಾಕಿದರೆ ವೈಂಡಿಂಗ್ ಕಾದು, ಉಳಿಸಿದ್ದನ್ನು ರೀವೈಂಡಿಂಗ್ ಅಂಗಡಿಗೆ ಕೊಟ್ಟು ಬರಬೇಕು. ಸ್ವಿಚ್ಚು ಆರಿಸಿದರೆ ಸಾಲದು, ಮೇನ್ ಆರಿಸಿ. ಹಳೆ ವೈರಿಂಗಿನಲ್ಲಿ ಸ್ವಿಚ್ಚು ನ್ಯೂಟ್ರಲ್ಲಿಗೆ ಬಿದ್ದಿದ್ದರೆ ಫ್ಯಾನಿನ ತನಕ ಫೇಸ್ ಬಂದು ನಿಂತಿರುತ್ತದೆ. ಹಳೆಯ ಕೆಪಾಸಿಟರಿನ ಎರಡು ತುದಿಯನ್ನು ಪ್ಲಾಸ್ಟಿಕ್ ಹಿಡಿಯ ಸ್ಕ್ರೂಡ್ರೈವರಿನಿಂದ ಒಮ್ಮೆ ಮುಟ್ಟಿಸಿ ಖಾಲಿ ಮಾಡಿ. ಅದರ ಎರಡು ವೈರಿಗೆ ಹಿಂದು ಮುಂದು ಇಲ್ಲ, ಆದರೆ ಹಳೆಯದು ಇದ್ದ ಎರಡು ತುದಿಗೇ ಸೇರಿಸಬೇಕು. ತುದಿ ತಪ್ಪಿದರೆ ಫ್ಯಾನು ಸುತ್ತದೆ ಗುಂಯ್ ಎನ್ನಬಹುದು, ಇಲ್ಲವೇ ಉಲ್ಟಾ ಸುತ್ತಿ ಗಾಳಿಯನ್ನೆಲ್ಲ ಸೂರಿಗೆ ಕೊಡಬಹುದು. ಕೈಯಿಂದ ತಳ್ಳಿದರೂ ರೆಕ್ಕೆ ಬಿಗಿಯಾಗಿದ್ದರೆ ಅದು ಬೇರಿಂಗಿನ ಕತೆ, ಕೆಪಾಸಿಟರಿಗೆ ಖರ್ಚು ಮಾಡಬೇಡಿ.

ಇಷ್ಟೆಲ್ಲ ಉಳಿತಾಯ ನಡೆಯುವಾಗ ಹಿತ್ತಲಿನ ನಲ್ಲಿ ತೊಟ್ಟಿಕ್ಕುತ್ತಲೇ ಇರುತ್ತದೆ. ಸೆಕೆಂಡಿಗೆ ಒಂದು ಹನಿ, ಹನಿಗೆ ಕಾಲು ಮಿಲಿಲೀಟರ್ ಎಂದರೂ ದಿನಕ್ಕೆ 21 ಲೀಟರಿಗೂ ಮೇಲೆ, ತಿಂಗಳಿಗೆ 200 ಲೀಟರಿನ ಮೂರು ಡ್ರಮ್ಮು ತುಂಬಿ ಚೆಲ್ಲುವಷ್ಟು. 2024ರ ಮಾರ್ಚಿನಲ್ಲಿ ಬೆಂಗಳೂರಿನ ಜಲಮಂಡಳಿ ಕುಡಿಯುವ ನೀರಿನಲ್ಲಿ ಕಾರು ತೊಳೆದರೆ 5,000 ರೂಪಾಯಿ ದಂಡ ಎಂದಿತು. ಕಾರಿನವರು ಬಕೆಟ್ ಅಡಗಿಸಿದರು, ನಲ್ಲಿಗೆ ಮಾತ್ರ ಯಾರೂ ಹೆದರಿಸಲಿಲ್ಲ. ಅದಕ್ಕೆ ನಮ್ಮಲ್ಲಿ ಮೂರು ಚಿಕಿತ್ಸೆ. ಮೊದಲು ಬಲ ಹಾಕಿ ತಿರುಪುವುದು, ಇದರಿಂದ ಸವೆದ ವಾಷರ್ ಪೂರ್ತಿ ತುಂಡಾಗುತ್ತದೆ. ಆಮೇಲೆ ಸೈಕಲ್ ಟ್ಯೂಬಿನ ಪಟ್ಟಿ ಸುತ್ತುವುದು, ಇದರಿಂದ ಹನಿ ಬೀಳುವ ಜಾಗ ಬದಲಾಗುತ್ತದೆ. ಕೊನೆಗೆ ಒದ್ದೆಯ ಮೇಲೇ ಎಂ-ಸೀಲ್ ಮೆತ್ತುವುದು, ಇದರಿಂದ ನಲ್ಲಿಗೆ ಗಂಟಲುವಾಳ ಬಂದಂತೆ ಕಾಣುತ್ತದೆ.

ಬೇಕಾದದ್ದು ಕೆಲವೇ ರೂಪಾಯಿಯ ಅರ್ಧ ಇಂಚಿನ ವಾಷರ್. ಮಾಳಿಗೆ ಮೇಲಿನ ಟ್ಯಾಂಕಿನ ಗೇಟ್ ವಾಲ್ವ್ ಮುಚ್ಚಿ, ನಲ್ಲಿ ತೆರೆದು ಉಳಿದ ನೀರು ಇಳಿಸಿ. ಹಿಡಿಯ ಸ್ಕ್ರೂ ಬಿಚ್ಚುವ ಮುಂಚೆ ಕೆಳಗಿನ ಜಾಲರಿಗೆ ಬಟ್ಟೆ ತುರುಕಿ, ಇಲ್ಲವಾದರೆ ಸ್ಕ್ರೂ ಮೊದಲು ಹೋಗುವುದು ಅಲ್ಲಿಗೇ. ಷಟ್ಕೋನದ ನಟ್ಟಿಗೆ ಸ್ಪ್ಯಾನರ್ ಹಾಕಿ ಸ್ಪಿಂಡಲ್ ಎತ್ತಿದರೆ ತುದಿಯಲ್ಲಿ ರಬ್ಬರ್ ವಾಷರ್, ಅದರ ಮೇಲೆ ಉಂಗುರದಂಥ ಹಳ್ಳ. ಅದನ್ನು ಬದಲಿಸಿ. ವಾಷರ್ ಕೂರುವ ಹಿತ್ತಾಳೆಯ ಅಂಚು ಬೆರಳಿಗೆ ಗರಗಸದಂತೆ ಸಿಕ್ಕಿದರೆ ಹೊಸ ವಾಷರೂ ಬೇಗನೆ ಕತ್ತರಿಸಿ ಹೋಗುತ್ತದೆ, ಆಗ ನಲ್ಲಿಯನ್ನೇ ಬದಲಿಸುವುದು ಲಾಭ. ಕಾಲು ಸುತ್ತು ತಿರುಗಿಸಿದರೆ ತೆರೆಯುವ ಹೊಸ ನಮೂನೆಯದರಲ್ಲಿ ರಬ್ಬರ್ ವಾಷರಿನ ಬದಲು ಸೆರಾಮಿಕ್ ಬಿಲ್ಲೆ ಇರುತ್ತದೆ. ಅದರ ಸ್ಪಿಂಡಲ್ಲನ್ನೇ ಕಿತ್ತು ಅಂಗಡಿಗೆ ಒಯ್ಯಿರಿ, ತುದಿಯ ಹಲ್ಲಿನ ಎಣಿಕೆ ಕಂಪನಿಗೊಂದು ಬಗೆ. ನಲ್ಲಿಯನ್ನೇ ಬದಲಿಸುವಾಗ ಟೆಫ್ಲಾನ್ ಟೇಪನ್ನು ನಲ್ಲಿಯ ಮರೆಯ ಬಾಯಿ ನಿಮ್ಮ ಕಡೆಗಿಟ್ಟುಕೊಂಡು ಗಡಿಯಾರದ ಮುಳ್ಳಿನ ದಿಕ್ಕಿನಲ್ಲಿ ಹತ್ತು ಹದಿನೈದು ಸುತ್ತು ಸುತ್ತಬೇಕು. ಉಲ್ಟಾ ಸುತ್ತಿದರೆ ನಲ್ಲಿ ಕೂರಿಸುತ್ತಿದ್ದಂತೆ ಟೇಪು ಸುಲಿದು ಹೊರಗೆ ಬರುತ್ತದೆ.

ಗೇಟಿನ ಬಾಟಲಿ ತೆಗೆದ ಮೇಲೆ ನಾಯಿಗೆ ಒಂದೆರಡು ದಿನ ವಿಳಾಸ ತಪ್ಪಿದಂತಾಗಬಹುದು. ಪಕ್ಕದಲ್ಲೇ ಕರೆಂಟ್ ಕಂಬ ಇದೆ, ಅದೇ ಹುಡುಕಿಕೊಳ್ಳುತ್ತದೆ.