ಮೂವತ್ತು-ನಲವತ್ತರ ಸೈಟಿಗೆ ಮಣ್ಣಿನ ಬ್ಲಾಕಿನ ಮನೆ ಸರಿಯೇ?

ಪರ: ತೋಡಿದ ಮಣ್ಣೇ ಗೋಡೆಯಾಗಲಿ

ಬೆಂಗಳೂರಿನಲ್ಲಿ ಮನೆ ಕಟ್ಟುವವರು ನೆಲದಡಿಯ ನೀರಿನ ತೊಟ್ಟಿಗೆ, ಅಂದರೆ ಸಂಪಿಗೆ, ಗುಂಡಿ ತೋಡಿಸಿ, ಬಂದ ಕೆಮ್ಮಣ್ಣನ್ನು ದುಡ್ಡು ಕೊಟ್ಟು ಊರಾಚೆ ಸುರಿಸುತ್ತಾರೆ. ಮಾರನೇ ವಾರ ಮಾಲೂರಿನ ಕಡೆಯಿಂದ ಸುಟ್ಟ ಇಟ್ಟಿಗೆ ತರಿಸುತ್ತಾರೆ. ಎಂಟಡಿ ಉದ್ದ, ಅಗಲ, ಆಳದ ಸಂಪಿನಲ್ಲಿ ಬೇರು-ಕಸವಿರುವ ಮೇಲಿನ ಒಂದಡಿ ಬಿಟ್ಟರೂ 12 ಘನ ಮೀಟರ್ ಮಣ್ಣು ಸಿಗುತ್ತದೆ. ಮರಳು, ತುಸು ಸಿಮೆಂಟ್ ಬೆರೆಸಿ ಯಂತ್ರದಲ್ಲಿ ಒತ್ತಿದರೆ, ಸುಡಬೇಕಿಲ್ಲದ ಮೂರು ಸಾವಿರ ಮಣ್ಣಿನ ಬ್ಲಾಕಿಗೆ ಮೋಸವಿಲ್ಲ.

ಇದೇನೂ ಹೊಸ ಪ್ರಯೋಗವಲ್ಲ. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಶುರುವಾದ, ಹಳ್ಳಿಗಳಿಗೆ ಹೊಂದುವ ತಂತ್ರಜ್ಞಾನದ ಕೇಂದ್ರ ‘ಅಸ್ತ್ರ’ ಕೈಯಿಂದ ಒತ್ತುವ ಯಂತ್ರವನ್ನೂ ಮಿಶ್ರಣದ ಲೆಕ್ಕವನ್ನೂ ಆಗಲೇ ಹಾಕಿಕೊಟ್ಟಿದೆ.

ಮಣ್ಣು ಹೊಂದುತ್ತದೋ ಇಲ್ಲವೋ ಬಾಟಲಿಯಲ್ಲೇ ನೋಡಬಹುದು. ಮೂರರಲ್ಲೊಂದು ಪಾಲು ಮಣ್ಣು, ಉಳಿದದ್ದು ನೀರು, ಚಿಟಿಕೆ ಉಪ್ಪು. ಕುಲುಕಿ ಇಟ್ಟರೆ ನಿಮಿಷದೊಳಗೆ ಮರಳು ತಳ ಸೇರುತ್ತದೆ, ಜೇಡಿ ಗಂಟೆಗಟ್ಟಲೆ ತೇಲುತ್ತದೆ. ಜೇಡಿ ಶೇ. 10–15 ಇದ್ದರೆ ಸಾಕು. ಹೆಚ್ಚಿದ್ದರೆ ಎಂ-ಸ್ಯಾಂಡ್ (ಕಲ್ಲು ಪುಡಿಮಾಡಿ ತಯಾರಿಸಿದ ಮರಳು) ಬೆರೆಸಿ. ಜರಡಿ ಹಿಡಿದ ಮಣ್ಣಿಗೆ ತೂಕದ ಶೇ. 7ರಷ್ಟು ಸಿಮೆಂಟ್. ಬ್ಲಾಕ್ ಎಂಟು ಕೆ.ಜಿ. ತೂಗಿದರೆ, ಒಂದು ಮೂಟೆಗೆ ಹೆಚ್ಚುಕಡಿಮೆ 90 ಬ್ಲಾಕ್.

ನೀರಿನ ಹದಕ್ಕೆ ಒಂದು ಉಂಡೆ ಕಟ್ಟಿ ಸೊಂಟದೆತ್ತರದಿಂದ ಬಿಡಿ. ನಾಲ್ಕೈದು ಚೂರಾದರೆ ಸರಿ, ಚಪ್ಪಟೆಯಾದರೆ ನೀರು ಜಾಸ್ತಿ, ಪುಡಿಯಾದರೆ ಕಡಿಮೆ. ಕಲಸಿದ್ದನ್ನು ಅರ್ಧ ಗಂಟೆಯೊಳಗೆ ಒತ್ತಿ ಮುಗಿಸಲೇಬೇಕು. ಕೆಲಸ ಕೆಡುವುದು ಇಲ್ಲೇ: ಬೆಳಿಗ್ಗೆ ಕಲಸಿ ಮಧ್ಯಾಹ್ನದವರೆಗೂ ಒತ್ತುತ್ತಾರೆ, ಅಷ್ಟರಲ್ಲಿ ಸಿಮೆಂಟ್ ಸೆಟ್ಟಾಗಿರುತ್ತದೆ, ಮಳೆಗೆ ಅಂಚು ಉದುರುತ್ತದೆ. ಗೋಣಿ ಹೊದಿಸಿ 28 ದಿನ ನೀರುಣಿಸಿದ ಬ್ಲಾಕಿಗೆ ಸುಡುವ ಗೂಡು ಬೇಡ, ಸೌದೆ ಬೇಡ, ಗಿಲಾವೂ ಬೇಡ.

ವಿರೋಧ: ಮಣ್ಣು ಸರಿ, ಸೈಟು ಸರಿಯಿಲ್ಲ

ತೋಟದ ಮನೆಗಾದರೆ ಈ ಬ್ಲಾಕಿಗೆ ತಕರಾರೇ ಇಲ್ಲ. 1200 ಚದರ ಅಡಿಯ ಸೈಟಿನಲ್ಲಿ ಲೆಕ್ಕ ಬೇರೆ.

ಇಲ್ಲಿ ಕೆಳಗೆ ಕಾರು, ಮೇಲೆ ಎರಡು-ಮೂರು ಅಂತಸ್ತು. ಕಾರಿಗೆ ಜಾಗ ಬಿಡಬೇಕಾದ್ದರಿಂದ ಪಿಲ್ಲರ್, ಬೀಮು ಹಾಕಲೇಬೇಕು. ಭಾರ ಹೊರುವುದೇ ಮಣ್ಣಿನ ಬ್ಲಾಕಿನ ದೊಡ್ಡ ಗುಣ. ಪಿಲ್ಲರ್ ಬಂದ ಮೇಲೆ ಆ ಗುಣ ಬೇಕಿಲ್ಲ, ಬ್ಲಾಕಿನ ತೂಕವೇ ಹೊರೆಯಾಗುತ್ತದೆ. 190 ಮಿ.ಮೀ. ದಪ್ಪದ ಮಣ್ಣಿನ ಗೋಡೆ ಚದರ ಮೀಟರಿಗೆ ಸುಮಾರು 350 ಕೆ.ಜಿ. ತೂಗುತ್ತದೆ, 200 ಮಿ.ಮೀ. ಎಎಸಿ ಬ್ಲಾಕಿನ (ಒಳಗೆ ಗಾಳಿಗುಳ್ಳೆಗಳಿರುವ ಹಗುರ ಕಾಂಕ್ರೀಟ್ ಬ್ಲಾಕ್) ಗೋಡೆ 130ರ ಆಸುಪಾಸು. ಎಎಸಿಗೂ ಸುಣ್ಣ, ಸಿಮೆಂಟ್, ಹಬೆ ಬೇಕು, ನಿಜ. ಆದರೆ ಮಣ್ಣಿನ ಹೆಚ್ಚುವರಿ ಭಾರ ಪ್ರತಿ ಅಂತಸ್ತಿನಿಂದ ಬೀಮಿಗೆ, ಪಿಲ್ಲರಿಗೆ, ಪಾಯಕ್ಕೆ ಇಳಿದು ಕಬ್ಬಿಣ-ಕಾಂಕ್ರೀಟನ್ನು ಏರಿಸುತ್ತದೆ. ಸೌದೆಯಲ್ಲಿ ಉಳಿಸಿದ್ದು ಅಲ್ಲಿ ಕರಗುತ್ತಾ ಹೋಗುತ್ತದೆ.

ಆರೆಂಟು ಆಳು ದಿನಕ್ಕೆ 400–500 ಬ್ಲಾಕ್ ಒತ್ತುತ್ತಾರೆ. ಗುಂಡಿ, ಜಲ್ಲಿ, ಕಂಬಿ ತುಂಬಿದ ಸೈಟಿನಲ್ಲಿ ಅವನ್ನು 28 ದಿನ ಎಲ್ಲಿ ಜೋಡಿಸಿಡುವುದು? ಪಕ್ಕದ ಸೈಟು ಖಾಲಿಯಿಲ್ಲದಿದ್ದರೆ ರಸ್ತೆಯೇ ಗತಿ. ಹತ್ತು ದಿನಕ್ಕೇ ನೀರುಣಿಸುವ ಕೆಲಸ (ಕ್ಯೂರಿಂಗ್) ನಿಲ್ಲುತ್ತದೆ.

ಗಿಲಾವು ಬೇಡವೆನ್ನಲು ಎರಡಡಿ ಸಜ್ಜಾ, ನೆಲದಿಂದ ಒಂದೂವರೆ ಅಡಿ ಕಲ್ಲುಕಟ್ಟಡ ಬೇಕು. ಮನೆಗೂ ಸೈಟಿನ ಗಡಿಗೂ ನಡುವೆ ಬಿಡುವ ಮೂರಡಿ ಸೆಟ್‌ಬ್ಯಾಕಿನಲ್ಲಿ ಎರಡಡಿ ಸಜ್ಜಾ ಚಾಚಿದರೆ ಮನೆಯೊಳಗೆ ಕತ್ತಲೆ. ಚಾಚದಿದ್ದರೆ ಮಳೆನೀರು ನೆಲಕ್ಕೆ ಬಡಿದು ಸಿಡಿದು ಕೆಳಗಿನ ಸಾಲುಗಳನ್ನು ಕೊರೆಯುತ್ತದೆ, ಕೊನೆಗೆ ಸಿಮೆಂಟಿನ ಗಿಲಾವನ್ನೇ ಮಾಡಿಸಬೇಕಾಗುತ್ತದೆ.

ಮಣ್ಣಿನ ಗೋಡೆ ಮನೆಯನ್ನು ತಂಪಾಗಿಡುತ್ತದೆ ಎನ್ನುವ ಮಾತು ಬಂದರೆ, 13 ಡಿಗ್ರಿ ಅಕ್ಷಾಂಶದ ಈ ಊರಿನಲ್ಲಿ ಬೇಸಿಗೆಯ ಬಿಸಿಲು ನೆತ್ತಿಯಿಂದಲೇ ಇಳಿಯುತ್ತದೆ. ಮೇಲಂತಸ್ತನ್ನು ಹೆಚ್ಚು ಕಾಯಿಸುವುದು ತಾರಸಿ. ದುಡ್ಡು ಅಲ್ಲಿ ಹಾಕಿ: ನೀರು ಹರಿಯುವಂತೆ ಇಳಿಜಾರು ಕೊಟ್ಟು ಬಿಳಿ ಟೈಲ್ಸ್ ಕೂರಿಸಿ.