ಮೂವತ್ತು ಪೈಸೆಯ ಸಿಪ್ಪೆ

ಬೇಯಿಸಿದ ಒಂದು ಮೊಟ್ಟೆಯ ಸಿಪ್ಪೆ ಸುಲಿಯಲು ಎಷ್ಟು ಕೂಲಿ? ಮೂವತ್ತು ಪೈಸೆ. ಇದು ನನ್ನ ಲೆಕ್ಕ ಅಲ್ಲ, ಸರ್ಕಾರದ್ದು. ಶಾಲೆ ಮಕ್ಕಳ ಒಂದು ಮೊಟ್ಟೆಗೆ 6 ರೂಪಾಯಿ. ಅದರಲ್ಲಿ ಕೊಳ್ಳೋದಕ್ಕೆ 5 ರೂಪಾಯಿ 20 ಪೈಸೆ, ಬೇಯಿಸೋದಕ್ಕೆ 50 ಪೈಸೆ, ಸುಲಿಯೋದಕ್ಕೆ 30 ಪೈಸೆ. ಬಾಯಿಗೆ ಇಡೋದಕ್ಕೆ ಏನೂ ಇಟ್ಟಿಲ್ಲ. ಅದನ್ನು ಮಕ್ಕಳು ಪುಕ್ಕಟೆ ಮಾಡುತ್ತಾರೆ.

25 ಪೈಸೆ ನಾಣ್ಯ 2011ರಲ್ಲೇ ಹೋಯಿತು. 50 ಪೈಸೆ ಕಾಯ್ದೆ ಪ್ರಕಾರ ಇನ್ನೂ ಚಲಾವಣೆಯಲ್ಲಿದೆಯಂತೆ. ಕೊಪ್ಪಳದ ಸಂತೆಯಲ್ಲಿ ಕೊಟ್ಟು ನೋಡಿ, ಮೆಣಸಿನಕಾಯಿ ಮಾರುವ ಅಜ್ಜಿ ನಾಣ್ಯ ಬಿಟ್ಟು ನಿಮ್ಮ ಮುಖ ನೋಡುತ್ತಾಳೆ. ಪೈಸೆ ಈಗ ಬದುಕಿರುವುದು ಮೊಟ್ಟೆಯ ಫೈಲಿನಲ್ಲಿ ಮಾತ್ರ.

ಈ ಕಡೆಯ ಮಕ್ಕಳಲ್ಲಿ ಅಪೌಷ್ಟಿಕತೆ ಜಾಸ್ತಿ ಎಂದು 2021ರ ಡಿಸೆಂಬರ್‌ನಲ್ಲಿ ಕೊಪ್ಪಳ, ರಾಯಚೂರು, ಬಳ್ಳಾರಿ ಸೇರಿ ಕೆಲವೇ ಜಿಲ್ಲೆಗಳಲ್ಲಿ ಮೊದಲು ಮೊಟ್ಟೆ ಶುರುವಾಯಿತು. ಕೆಲವು ಮಠಾಧೀಶರು ಬೇಡ ಎಂದರು. ಹಾಗಾದರೆ ನಿಮ್ಮ ಮಠಕ್ಕೇ ಬಂದು ತಿನ್ನುತ್ತೇವೆ ಎಂದಳು ಗಂಗಾವತಿಯ ಒಬ್ಬ ಹುಡುಗಿ. ನನ್ನ ಮಟ್ಟಿಗೆ ಚರ್ಚೆ ಅಲ್ಲಿಗೇ ಮುಗಿದಿತ್ತು. 2024ರಲ್ಲಿ ವಾರಕ್ಕೆ ಆರು ದಿನವೂ ಮೊಟ್ಟೆ ಬಂತು. ತುಂಬಾ ಒಳ್ಳೆಯದೇ. ಆದರೆ ಕೋಳಿಗೆ ಆದೇಶದ ಪ್ರತಿ ಹೋಗಿಲ್ಲ ಅಂತ ಕಾಣುತ್ತದೆ. ಚಳಿಗಾಲ ಬಂದರೆ ಅಂಗಡಿಯಲ್ಲಿ ಮೊಟ್ಟೆ ಏಳು ರೂಪಾಯಿ ದಾಟುತ್ತದೆ.

ನನ್ನ ಗೆಳೆಯರೊಬ್ಬರು ಹಳ್ಳಿ ಶಾಲೆಯ ಹೆಡ್‌ಮಾಸ್ತರು. ಮೊಟ್ಟೆ ತಿನ್ನುವ ಮಕ್ಕಳು 112. ಸರ್ಕಾರದ ಲೆಕ್ಕದಲ್ಲಿ ದಿನಕ್ಕೆ ಮೊಟ್ಟೆ ಕೊಳ್ಳೋದಕ್ಕೆ 582 ರೂಪಾಯಿ 40 ಪೈಸೆ. ಅಂಗಡಿಯವನ ಲೆಕ್ಕದಲ್ಲಿ, ಏಳರಂತೆ, 784. ನಡುವಿನ 201 ರೂಪಾಯಿ 60 ಪೈಸೆ ಮಾಸ್ತರ ಜೇಬಿನದು. ಬೆಳಿಗ್ಗೆ ಬೈಕಿನ ಹಿಂದೆ ಟ್ರೇ ಕಟ್ಟಿಕೊಂಡು ಬರುತ್ತಾರೆ, ಮೇಲೆ ಹಳೇ ಸೈಕಲ್ ಟ್ಯೂಬಿನ ಬಿಗಿ. ಹಂಪ್ ಬಂದರೆ ಕಾಲು ಊರಿ, ಬಾಣಂತಿಯನ್ನು ಕೂರಿಸಿಕೊಂಡವರಂತೆ ದಾಟಿಸುತ್ತಾರೆ. ಆದರೂ ನಾಲ್ಕು ಒಡೆಯುತ್ತವೆ. ಒಡೆದದ್ದಕ್ಕೆ ಲೆಕ್ಕದಲ್ಲಿ ಕಾಲಂ ಇಲ್ಲ.

ಸುಲಿಯುವುದು ಅಡುಗೆಯಕ್ಕ. ಬಿಸಿನೀರು ಬಸಿದು, ತಣ್ಣೀರು ಸುರಿದು, ನೆಲಕ್ಕೆ ಕುಟ್ಟಿ, ಎರಡು ಹೆಬ್ಬೆರಳಿನಲ್ಲಿ ಸರ್‍ರನೆ ಬಿಡಿಸುತ್ತಾಳೆ. ಹೊಸ ಮೊಟ್ಟೆಯಾದರೆ ಸಿಪ್ಪೆಯ ಜೊತೆ ಅರ್ಧ ಬಿಳಿಯೂ ಕಿತ್ತು ಬರುತ್ತದೆ. ಎಲ್ಲಾ ಸೇರಿ ಕೂಲಿ 33 ರೂಪಾಯಿ 60 ಪೈಸೆ.

‘ಯಕ್ಕಾ, ಅರವತ್ತು ಪೈಸೆ ಚಿಲ್ಲರೆ ಇಲ್ಲ’ ಎಂದರು ಮಾಸ್ತರು.

‘ಇರ್ಲಿ ಬಿಡ್ರೀ ಸರ. ಎರಡು ತತ್ತಿ ಸುಲೀದ ಹಂಗ ಕೊಡ್ತೀನಿ, ಲೆಕ್ಕ ಚುಕ್ತಾ ಆಕ್ಕೈತಿ.’

ನಾನು ನಡುವೆ ಬಾಯಿ ಹಾಕಿದೆ. ‘ಮಕ್ಕಳೇ ಸುಲಿದುಕೊಂಡರೆ ಆಗಲ್ವಾ?’ ಮಾಸ್ತರು ಗಾಬರಿಯಾದರು. ‘ಹಂಗಂದ್ರ ಮೂವತ್ತು ಪೈಸೆ ಮಕ್ಕಳ ಹೆಸರಿಗೆ ಹಾಕಬೇಕಾಕ್ಕೈತಿ ಮಾರಾಯ. ಎಲ್ಲಾರ ಬ್ಯಾಂಕ್ ಖಾತೆ ಎಲ್ಲಿಂದ ತರ್ಲಿ?’ ಮೊಟ್ಟೆ ತಿನ್ನದ ಮಕ್ಕಳಿಗೆ ಕೊಡುವ ಬಾಳೆಹಣ್ಣಿಗೆ ಈ ತೊಂದರೆ ಇಲ್ಲ. ಅದನ್ನು ಸುಲಿಯಲು ಕೂಲಿ ಬೇಕು ಅಂತ ಇನ್ನೂ ಯಾರಿಗೂ ಹೊಳೆದಿಲ್ಲ.

ಇದರ ಜೊತೆಗೆ ವಾರಕ್ಕೊಂದು ಗುಲಾಬಿ ಬಣ್ಣದ ಕಬ್ಬಿಣಾಂಶದ ಗುಳಿಗೆ, ವರ್ಷಕ್ಕೆ ಎರಡು ಸಲ ಜಂತುಹುಳದ ಗುಳಿಗೆ. ಪಕ್ಕದ ಸಂಡೂರಿನ ಗುಡ್ಡದಿಂದ ಕಬ್ಬಿಣದ ಅದಿರು ಲಾರಿಗಟ್ಟಲೆ ಇಳಿದು ಹೋಗುತ್ತದೆ, ನಮ್ಮ ಮಕ್ಕಳ ರಕ್ತಕ್ಕೆ ಮಾತ್ರ ಅದು ಮಿಲಿಗ್ರಾಂ ಲೆಕ್ಕದಲ್ಲಿ ಬರುತ್ತದೆ. ಇರಲಿ, ನಾನು ಮೊಟ್ಟೆಯ ವಿಷಯ ಹೇಳುತ್ತಿದ್ದೆ.

ಊಟದ ಗಂಟೆ ಬಾರಿಸಿತು. ಒಂದನೇ ಕ್ಲಾಸಿನ ಹುಡುಗನೊಬ್ಬ ಹಳದಿಯನ್ನು ಕೊನೆಗೆ ಅಂತ ತಟ್ಟೆಯ ಅಂಚಿಗೆ ಸರಿಸಿಟ್ಟು, ಅದನ್ನು ಕಾಯುತ್ತಲೇ ಅನ್ನ ತಿಂದ. ಮಾಸ್ತರು ಮೊಬೈಲಿನಲ್ಲಿ ಮೊಟ್ಟೆ ತಿಂದವರೆಷ್ಟು, ಬಾಳೆಹಣ್ಣು ತಿಂದವರೆಷ್ಟು ಎಂದು ತುಂಬುತ್ತಿದ್ದರು. ಅವರ ಅನ್ನ ಆರುತ್ತಿತ್ತು.

ಅಷ್ಟರಲ್ಲಿ ಅಡುಗೆಯಕ್ಕ ಸಿಪ್ಪೆಯ ಬುಟ್ಟಿ ಎತ್ತಿಕೊಂಡು ಕರಿಬೇವಿನ ಗಿಡದ ಕಡೆ ಹೊರಟಳು. ಮಾಸ್ತರು ಮೊಬೈಲಿನಿಂದ ತಲೆ ಎತ್ತಿದರು.

‘ಯಕ್ಕಾ, ಎಲ್ಲಾ ಸುರೀಬ್ಯಾಡ. ಒಂದಿಷ್ಟು ತಗದಿಡು. ಆಡಿಟ್‌ನವ್ರು ಬಂದ್ರ ಸುಲಿದಿದ್ದಕ್ಕ ಸಾಕ್ಷಿ ಬೇಕಲ್ಲ.’