ಎಲ್ಲರಿಗೂ ರಕ್ಷಣೆ ಅನ್ನುವುದು ಹೊಸ ಮಾತಲ್ಲ

'ಕೊನೆಗೆ ಎಲ್ಲರೂ ರಕ್ಷಣೆ ಹೊಂದುತ್ತಾರೆ, ಅಂದರೆ ಯಾರೂ ನರಕದಲ್ಲೇ ಉಳಿಯದೆ ದೇವರನ್ನು ಸೇರುತ್ತಾರೆ ಅನ್ನುವುದು ಈಗಿನ ಕ್ರೈಸ್ತರು ಹುಟ್ಟಿಸಿದ ಸಡಿಲ ಮಾತು' ಅಂತ ನಿಮ್ಮ ಲೇಖನದಲ್ಲಿ ಬರೆದಿದ್ದೀರಿ ಸರ್. ಇದನ್ನು ಒಪ್ಪಲು ಆಗುವುದಿಲ್ಲ. ಮೂರನೇ ಶತಮಾನದಲ್ಲೇ ಅಲೆಕ್ಸಾಂಡ್ರಿಯಾದ ಕ್ರೈಸ್ತ ಚಿಂತಕ ಒರಿಗೆನ್ ಈ ದಿಕ್ಕಿನಲ್ಲಿ ಯೋಚಿಸಿದ್ದರು. ಮುಂದಿನ ಶತಮಾನದಲ್ಲಿ ನೀಸಾದ ಬಿಷಪ್ ಗ್ರೆಗರಿ ಇನ್ನೂ ಬಿಡಿಸಿ ಹೇಳಿದರು: ಚಿನ್ನವನ್ನು ಪುಟಕ್ಕಿಟ್ಟ ಹಾಗೆ, ಸತ್ತ ಮೇಲಿನ ಬೆಂಕಿ ಇರುವುದು ಕಲ್ಮಶ ಕಳೆಯುವುದಕ್ಕೆ. 553ರಲ್ಲಿ ಕಾನ್‌ಸ್ಟಾಂಟಿನೋಪಲ್‌ನಲ್ಲಿ ಸೇರಿದ ಬಿಷಪ್‌ಗಳ ಮಹಾಸಭೆ ಒರಿಗೆನ್ ಅವರನ್ನು ಖಂಡಿಸಿತು ನಿಜ, ಆದರೆ ಗ್ರೆಗರಿಯನ್ನು ಇವತ್ತಿಗೂ ಸಂತ ಅಂತಲೇ ಗೌರವಿಸುತ್ತಾರೆ, ಆ ಬಗ್ಗೆ ನಿಮ್ಮ ಲೇಖನದಲ್ಲಿ ಒಂದು ಸಾಲೂ ಇಲ್ಲ.

ಕಡೆಯ ತೀರ್ಪಿನಲ್ಲಿ ಕುರಿ-ಆಡುಗಳನ್ನು ಬೇರ್ಪಡಿಸುವಂತೆ ಜನರನ್ನು ಬೇರ್ಪಡಿಸಿ, ಒಂದು ಗುಂಪನ್ನು ನಿತ್ಯ ಶಿಕ್ಷೆಗೆ ಕಳಿಸುತ್ತಾರೆ ಅನ್ನುವ ಬೈಬಲ್‌ನ ಮತ್ತಾಯ 25ರ ಮಾತು ಗಟ್ಟಿಯಾಗಿಯೇ ಇದೆ, ಅದನ್ನು ಸುಮ್ನೆ ದಾಟಿ ಹೋಗುವ ಹಾಗಿಲ್ಲ. ಆದರೆ ಆದಾಮನಲ್ಲಿ ಎಲ್ಲರೂ ಸಾಯುವಂತೆ ಕ್ರಿಸ್ತನಲ್ಲಿ ಎಲ್ಲರೂ ಜೀವ ಪಡೆಯುತ್ತಾರೆ ಅಂತ 1 ಕೊರಿಂಥ 15ರಲ್ಲಿ ಪೌಲನೂ ಹೇಳಿದ್ದಾನೆ. ಎರಡನ್ನೂ ಒಟ್ಟಿಗೆ ಓದಬೇಕು ಅಲ್ವಾ?

ನಾನು ಚಿಕ್ಕಮಗಳೂರು ಕಡೆಯ ಕ್ಯಾಥೊಲಿಕ್. ಸತ್ತವರಿಗಾಗಿ ಪ್ರಾರ್ಥಿಸುವ ದಿನವಾದ ನವೆಂಬರ್ 2ಕ್ಕೆ ಸಮಾಧಿಗಳ ಸುತ್ತ ಹುಲ್ಲು ಕಿತ್ತು, ಸೇವಂತಿಗೆ ಇಟ್ಟು, ಗಾಳಿಗೆ ಕೈ ಅಡ್ಡ ಹಿಡಿದು ಮೇಣದಬತ್ತಿ ಹಚ್ಚುತ್ತೇವೆ. ಕುಡಿದು ಮನೆ ಹಾಳು ಮಾಡಿದವನ ಸಮಾಧಿಗೂ ಹೆಂಡತಿ ಬಂದು ಹಚ್ಚುತ್ತಾಳೆ. 'ನಿನ್ನ ಗಂಡನಿಗೆ ಬಾಗಿಲು ಮುಚ್ಚಿದೆ' ಅಂತ ಅವಳಿಗೆ ಹೇಳುವ ಅಧಿಕಾರ ಯಾರಿಗಿದೆ? ಇಂಥವರು ನರಕದಲ್ಲಿದ್ದಾರೆ ಅಂತ ನಮ್ಮ ಕ್ಯಾಥೊಲಿಕ್ ಚರ್ಚ್ ಒಬ್ಬ ಮನುಷ್ಯನ ಹೆಸರನ್ನೂ ಅಧಿಕೃತವಾಗಿ ಘೋಷಿಸಿಲ್ಲ. ಎಲ್ಲರೂ ಪಾರಾಗುವುದು ಖಚಿತ ಅಂತಲೂ ಕಲಿಸುವುದಿಲ್ಲ. ಖಚಿತ ಅನ್ನಲಾಗದು, ಆದರೆ ಎಲ್ಲರಿಗಾಗಿ ಆಶಿಸಬಹುದು ಅಂತ 20ನೇ ಶತಮಾನದಲ್ಲಿ ಕ್ಯಾಥೊಲಿಕ್ ದೇವಶಾಸ್ತ್ರಜ್ಞ ಹಾನ್ಸ್ ಉರ್ಸ್ ಫಾನ್ ಬಾಲ್ತಸಾರ್ ವಾದಿಸಿದ್ದೂ ಇದನ್ನೇ. ಮುಂದಿನ ಕಂತಿನಲ್ಲಿ ದಯವಿಟ್ಟು ಇವರಿಗೂ ಜಾಗ ಕೊಡಿ.